ಲೂಕಪ್ಪ ಊರಿಗೆಲ್ಲ ಕ್ಷಮೆ ಹಂಚಿದ್ದು

ಠಣ್!

ಒಳಕೋಣೆಯಲ್ಲಿ ಕಂಚಿನ ಗಂಗಾಳ ಸದ್ದು ಮಾಡಿದಾಗ ಲೂಕಪ್ಪ ಪಡಸಾಲೆಯಲ್ಲಿ ಮೊಣಕಾಲೂರಿ, ಕಣ್ಣು ಮುಚ್ಚಿ, ಹುಬ್ಬಳ್ಳಿಯ ಪಾಪಗಳನ್ನೆಲ್ಲ ಓಣಿ ಓಣಿಯಾಗಿ ಹೊತ್ತು ತಂದು ದೇವರ ಮುಂದೆ ಇಳಿಸುತ್ತಿದ್ದ. ಹಳೇ ಹುಬ್ಬಳ್ಳಿ ಮುಗಿದಿತ್ತು. ಇನ್ನೇನು ದುರ್ಗದ ಬೈಲಿನ ಕಡೆ ಹೊರಳಬೇಕು, ಅಷ್ಟರಲ್ಲಿ ಈ ಠಣ್! ಅವನು ಹುಬ್ಬು ಗಂಟಿಕ್ಕಿದ. ಕಣ್ಣು ಮಾತ್ರ ತೆರೆಯಲಿಲ್ಲ. ತೆರೆದರೆ ಏಳಬೇಕಾಗುತ್ತದೆ.

ಎದ್ದವಳು ಹೆಂಡತಿ ಸಲೋಮವ್ವ. ಅವಳೂ ಗಂಡನ ಪಕ್ಕದಲ್ಲೇ ಮೊಣಕಾಲೂರಿದ್ದಳು. ಆದರೆ ಅವಳ ಪ್ರಾರ್ಥನೆ ಮೊದಲ ಸಾಲು ದಾಟಿ ಮುಂದೆ ಹೋಗಿ ಎಷ್ಟೋ ತಿಂಗಳಾಗಿತ್ತು. ಗಂಗಾಳ ಒಂದು ಸಲ ಬಾರಿಸಿದರೆ ನೀರು. ಎರಡು ಸಲ ಬಾರಿಸಿದರೆ ಮಗ್ಗಲು ಹೊರಳಿಸಬೇಕು. ಬಿಡದೆ ಬಾರಿಸಿದರೆ ಏನೆಂದು ಓಡಿಹೋಗಿಯೇ ನೋಡಬೇಕು. ಲೂಕಪ್ಪನ ತಾಯಿ ಉಡಚವ್ವನಿಗೆ ಲಕವಾ ಹೊಡೆದು ಎಡಗಡೆಯ ಕೈಕಾಲು ಬಿದ್ದುಹೋಗಿದ್ದವು. ಮಾತು ತೊದಲುತ್ತಿತ್ತು. ಬಲಗೈಯೊಂದು ಮಾತ್ರ ಮೊದಲಿನ ಹಾಗೆಯೇ ಗಟ್ಟಿಯಾಗಿ ಉಳಿದು, ಹಗಲೂ ರಾತ್ರಿ ಗಂಗಾಳ ಬಾರಿಸುತ್ತಿತ್ತು. ದೀಕ್ಷಾಸ್ನಾನದಲ್ಲಿ ಆಕೆಗೆ ಎಸ್ತೇರ ಎಂದು ಹೆಸರಿಟ್ಟಿದ್ದರು. ಆ ಹೆಸರು ಈಗ ದೇವರಿಗೊಬ್ಬನಿಗೇ ನೆನಪಿರಬೇಕು.

ಅದು ಶ್ರಾವಣದ ಶನಿವಾರ. ವಾರದಿಂದ ಸೂರ್ಯನ ಮುಖ ಕಂಡವರಿರಲಿಲ್ಲ. ಒಗೆದ ಅರಿವೆಗಳು ಒಣಗದೆ ಹಗ್ಗದ ಮೇಲೆ ಮುಗ್ಗಸು ವಾಸನೆ ಹಿಡಿದಿದ್ದವು. ಮನೆಯೊಳಗೆ ಹಗಲಲ್ಲೂ ಸಂಜೆಯ ಕತ್ತಲು. ತೊಲೆಯಿಂದ ತೊಟ್ಟಿಲು ಇಳಿಸಿ ವರ್ಷವಾಗಿದ್ದರೂ ಅದರ ಕಬ್ಬಿಣದ ಕೊಂಡಿ ಹಾಗೆಯೇ ಉಳಿದಿತ್ತು. ಅದನ್ನು ಕಿತ್ತುಹಾಕೋಣವೆಂದು ಇಬ್ಬರಲ್ಲಿ ಯಾರೂ ಹೇಳಿರಲಿಲ್ಲ.

ಹೋದ ಮಳೆಗಾಲದಲ್ಲಿ ಅವರ ಕೂಸು ಜ್ವರದಿಂದ ತೀರಿಕೊಂಡಿತು. ಇನ್ನೂ ಹಲ್ಲು ಬಾರದ ಹೆಣ್ಣುಕೂಸು. ಮಣ್ಣು ಮಾಡುವಾಗ ಮುದುಕ ಪಾದ್ರಿಯವರು ಸಲೋಮವ್ವನ ಹತ್ತಿರ ಬಂದು, "ತಂಗೀ, ಕರ್ತನ ಮೇಜು ಬಾಳ ಉದ್ದ ಐತಿ. ಈ ಕಡೆ ನಾವು ಕುಂಡರತೇವಿ, ಆ ಕಡೆ ಹೋದವರು ಕುಂಡರತಾರ. ಮೇಜು ಮಾತ್ರ ಒಂದ," ಅಂದಿದ್ದರು. ಅಳುತ್ತಿದ್ದ ಸಲೋಮವ್ವನಿಗೆ ಉಳಿದ ಮಾತು ಯಾವುದೂ ಕೇಳಿಸಿರಲಿಲ್ಲ. ಇದೊಂದು ಕೇಳಿಸಿತು. ಅಂದಿನಿಂದ ಅವಳಿಗೆ ರಾತ್ರಿಭೋಜನದ ಮೇಜಿಗೆ ಹೋಗಿ ಕೂರುವುದೊಂದೇ ಆಸೆ.

ಹೆಸರು ರಾತ್ರಿಭೋಜನವಾದರೂ ಅದು ನಡೆಯುವುದು ರವಿವಾರ ಮುಂಜಾನೆ. ರೊಟ್ಟಿಯ ತುಣುಕು, ದ್ರಾಕ್ಷಾರಸದ ಗುಟುಕು. ಅವರ ಚಿಕ್ಕ ದೇವಾಲಯದಲ್ಲಿ ವರ್ಷಕ್ಕೆ ನಾಲ್ಕೇ ಸಲ. ಒಂದು ಸಲ ಅತ್ತೆಗೆ ಲಕವಾ ಹೊಡೆಯಿತು, ಇವಳು ಹೋಗಲಿಲ್ಲ. ಇನ್ನೊಂದು ಸಲ ಅತ್ತೆಗೆ ಜ್ವರ, ಇವಳು ಹೋಗಲಿಲ್ಲ. ಮತ್ತೊಂದು ಸಲ ಸುಮ್ಮನೆ ಹೋಗಲಾಗಲಿಲ್ಲ. ಲೂಕಪ್ಪ ಮಾತ್ರ ಒಂದು ಸಲವೂ ತಪ್ಪಿಸಿಕೊಂಡವನಲ್ಲ. ಹೇಗೆ ತಪ್ಪಿಸಿಕೊಂಡಾನು? ಅವನು ಸಭೆಯ ಹಿರಿಯ! ಪಾದ್ರಿಯವರ ಬಲಗಡೆ ನಿಂತು ದ್ರಾಕ್ಷಾರಸದ ಪಾತ್ರೆ ಹಿಡಿಯುವವನು! ಪೇಟೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಒಬ್ಬರಿಗೆ ಖಾದಿ ಟೊಪ್ಪಿಗೆ, ಒಬ್ಬರಿಗೆ ಸರಕಾರಿ ಕೋಟು ಹೊಲಿಯುವ ಸಾದಾ ದರ್ಜಿ ಅವನು. ಪಾತ್ರೆ ಕೈಗೆ ಬಂತೆಂದರೆ ಮಾತ್ರ ಗೇಣುದ್ದ ಬೆಳೆಯುತ್ತಿದ್ದ.

ಆ ಬೆಳಿಗ್ಗೆ ಅವನು ಮೊಣಕಾಲಿನ ಧೂಳು ಕೊಡವಿ ಎದ್ದು ಘೋಷಿಸಿದ:

"ಸಲೋಮಿ! ಈ ಸಲದ ರಾತ್ರಿಭೋಜನಕ್ಕ ನಾ ಹೆಂಗ ತಯಾರಾಗತೇನಿ ನೋಡ. ಮನಸಿನ್ಯಾಗ ಸಿಟ್ಟ ಇಟಗೊಂಡ ಆ ಮೇಜಿಗೆ ಕುಂಡರಬಾರದು. ಇಡೀ ಊರಾಗ ನನ್ನ ಮ್ಯಾಲ ಸಿಟ್ಟಿದ್ದವರು ಒಬ್ಬರೂ ಉಳಿಯಂಗಿಲ್ಲ. ನನಗ ಯಾರ ಮ್ಯಾಲ ಸಿಟ್ಟೈತಿ, ಅವರೂ ಉಳಿಯಂಗಿಲ್ಲ. ಇವತ್ತ ಹೊತ್ತ ಮುಳುಗೂದರಾಗ ಎಲ್ಲಾ ಸಮಾಧಾನ!"

ಸಲೋಮವ್ವ ಅತ್ತೆಯ ಅರಿವೆಗಳನ್ನು ಹಿಂಡುತ್ತಿದ್ದಳು.

"ಛಲೋ ಆತು. ನನಗೊಂದ ಕೆಲಸ ಮಾಡಿ ಕೊಡ್ರಿ. ಮೂರು ಗಂಟೆಕ್ಕ ಚರ್ಚಿನ್ಯಾಗ ಸಿದ್ಧತಾ ಆರಾಧನಿ ಐತಿ. ನಾ ಹೋಗಿ ಹೆಸರ ಕೊಟ್ಟ ಬರಬೇಕು. ಹೆಸರ ಕೊಡದವರಿಗೆ ನಾಳಿ ರೊಟ್ಟಿ ಕೊಡೂದಿಲ್ಲ, ನಿಮಗ ಗೊತ್ತೈತೆಲಾ. ಒಂದ ತಾಸ ಬಂದು ಅವ್ವನ ಹತ್ರ ಕುಂಡರ್ರಿ. ಅಷ್ಟ."

"ನಾಳಿ ಯಾರ ಕುಂಡರತಾರ?"

"ನಾಳಿ ಬಾಜೂಮನಿ ಹುಸೇನಬಿ ಬರತೇನಿ ಅಂದಾಳ. ಆಕಿ ಕೈಲೆ ಆದ್ರ ಅವ್ವ ಗಂಜಿ ಕುಡೀತಾಳ. ನಾಳೆ ಚಿಂತಿ ಇಲ್ಲ. ಇವತ್ತ ಮಾತ್ರ ನೀವು."

"ಮೂರಕ್ಕ ಯಾಕ? ಎರಡೂವರಿಗೇ ಬಂದಿರತೇನಿ!" ಎಂದು ಲೂಕಪ್ಪ ಕೋಟು ಹಾಕಿಕೊಂಡ. ಹೋಗುವ ಮುಂಚೆ ಒಳಕೋಣೆಯ ಬಾಗಿಲಲ್ಲಿ ನಿಂತು ದಿನದಂತೆ, "ಅವ್ವಾ, ಹೆಂಗದೀ?" ಎಂದು ಕೇಳಿದ. ದಿನದಂತೆ ಉತ್ತರಕ್ಕೆ ಕಾಯದೆ ಹೊರಟ.

ದಾರಿಯಲ್ಲಿ ಅವನು ತನ್ನ ವೈರಿಗಳನ್ನು ಲೆಕ್ಕ ಹಾಕಿದ. ಹೇಳಿಕೊಳ್ಳುವಂಥ ವೈರಿ ಒಬ್ಬನೂ ಸಿಗಲಿಲ್ಲ! ಇಷ್ಟು ದೊಡ್ಡ ಪ್ರತಿಜ್ಞೆ ಮಾಡಿ ಹೊರಟವನಿಗೆ ಇದು ಬಲು ಮುಜುಗರದ ಸಂಗತಿ. ಬಹಳ ಹೊತ್ತು ತಡಕಾಡಿದ ಮೇಲೆ ಮನಸ್ಸಿನ ಮೂಲೆಯಲ್ಲಿ ಎರಡು ಸಣ್ಣ ಕಹಿಗಳು ಸಿಕ್ಕವು. ಒಂದು, ದೇವಾಲಯದಲ್ಲಿ ಹಾಡು ಎತ್ತಿಕೊಡುವ ಮೈಲಾರಪ್ಪನದು. ಇನ್ನೊಂದು, ಪಾತ್ರೆಗಳಿಗೆ ಕಲಾಯಿ ಹಾಕುವ ಮಕ್ತುಮಸಾಬನದು. ಅಷ್ಟಾದರೂ ಇವೆಯಲ್ಲ ಎಂದು ಲೂಕಪ್ಪ ದೇವರಿಗೆ ಸ್ತೋತ್ರ ಹೇಳಿದ.

ಮೈಲಾರಪ್ಪ ಮನೆಯ ಕಟ್ಟೆಯ ಮೇಲೆ ಕೂತು ಮರುದಿನದ ಕೀರ್ತನೆಯನ್ನು ಗುಣುಗುಣಿಸುತ್ತಿದ್ದ. ಅವನದೊಂದು ಚಟವಿತ್ತು. ಕೀರ್ತನೆಯ ಕೊನೆಯ ಅಕ್ಷರವನ್ನು ಎಳೆಯುವುದು. ಸಭೆಯೆಲ್ಲ ಹಾಡಿ ಮುಗಿಸಿ, ಕೂತು, ಕೆಮ್ಮಿ, ಸೆರಗು ಸರಿಮಾಡಿಕೊಂಡ ಮೇಲೂ ಮೈಲಾರಪ್ಪನ ಆ ಅಕ್ಷರ ಮುಗಿಯುತ್ತಿರಲಿಲ್ಲ.

"ಮೈಲಾರಪ್ಪಾ, ನಾ ನಿಮ್ಮ ಕ್ಷಮಾ ಕೇಳಾಕ ಬಂದೇನ್ರಿ," ಎಂದ ಲೂಕಪ್ಪ, ಕೈ ಮುಗಿದು.

ಮೈಲಾರಪ್ಪನಿಗೆ ಆನಂದವಾಯಿತು. "ಬರ್ರಿ, ಬರ್ರಿ. ಯಾತರದು ಕ್ಷಮಾ? ನಮ್ಮ ನಿಮ್ಮ ನಡುವ ಏನೈತಿ?"

"ಐತ್ರಿ. ನೀವು ಹಾಡೂ ಮುಂದ ನನಗ ಬಾಳ ಸಿಟ್ಟ ಬರತಿತ್ತು. ವರ್ಷಗಟ್ಟಲೆ ಬಂದೈತಿ."

ಮೈಲಾರಪ್ಪನ ಗುಣುಗು ನಿಂತಿತು. "ನಾ ಹಾಡೂ ಮುಂದ?"

"ಹೌದ್ರಿ. ಕಡೀಕ ನೀವು ಎಳೀತೀರೆಲ್ಲಾ, ಆವಾಗ. ನಾನೊಂದ ತಪ್ಪು ಪ್ರಾರ್ಥನಾ ಸುದ್ದಾ ಮಾಡಿದೆ. ಈ ಮನಶ್ಯಾಗ ಒಂದೆರಡ ವಾರ ನೆಗಡಿ ಬರಲಿ ದೇವರೇ, ಅಂತ."

"ಯಾವಾಗ ಮಾಡಿದ್ರಿ?"

"ಕ್ರಿಸ್‌ಮಸ್ಸಿನ ಮುಂದ."

ಮೈಲಾರಪ್ಪ ಕಟ್ಟೆಯಿಂದ ಜಿಗಿದು ನಿಂತ. "ಕ್ರಿಸ್‌ಮಸ್ಸಿನ ಮುಂದ ನನಗ ನೆಗಡಿ ಬಂದಿತ್ತಲೋ! ಎದಿ ಕಟ್ಟಿ, ಉಸರ ಹತ್ತಿ, ಹಬ್ಬದ ದಿನ ಬಾಯಿ ಬಿಡಲಾರದ ಕುಂತಿದ್ದೆ! ಊರ ಮಂದಿಯೆಲ್ಲಾ ತಂಪ ಹತ್ತೇತಿ ಅಂದ್ರು, ನಾ ನಂಬಿದೆ! ಇದು ನಿನ್ನ ಕೆಲಸ ಏನು?"

"ಅದಕ್ಕ ಕ್ಷಮಾ ಕೇಳಾಕ..."

"ಕೇಳಿದಿ! ಏನ್ ಧೈರ್ಯಪಾ ನಿಂದು!" ಎಂದು ಮೈಲಾರಪ್ಪ ಕೂಗುತ್ತಿರುವಾಗ ಒಳಗಿನಿಂದ ಅವನ ಹೆಂಡತಿಯ ಧ್ವನಿ ಬಂತು: "ರೀ, ನನ್ನ ಮಂಡಿನೋವು ಸುದ್ದಾ ಇವರದ ಏನ ಕೇಳ್ರಿ ಒಂದ ಮಾತ!"

ಲೂಕಪ್ಪ ಮಂಡಿನೋವಿಗೆ ತಾನು ಜವಾಬ್ದಾರನಲ್ಲವೆಂದು ಆಣೆ ಮಾಡಿ ಹೇಳುವಷ್ಟರಲ್ಲಿ ಓಣಿಯ ನಾಲ್ಕು ಮಂದಿ ಕೂಡಿದ್ದರು. ಮೈಲಾರಪ್ಪ ಎಲ್ಲರಿಗೂ ನೆಗಡಿಯ ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ಅವನು ಹೇಳಿದರೂ ಹಾಡಿದ ಹಾಗೆಯೇ. ಕೊನೆ ಮುಟ್ಟುವುದು ಬಹಳ ತಡ.

ಅಲ್ಲಿಂದ ಬಿಡಿಸಿಕೊಂಡು ಬಂದ ಲೂಕಪ್ಪ ಒಂದು ಮರದ ಕೆಳಗೆ ನಿಂತು ಯೋಚಿಸಿದ. ಎಲ್ಲಿ ತಪ್ಪಾಯಿತು? ಹೊಳೆಯಿತು! ಕ್ಷಮೆ ಕೇಳುವುದು ಅಪಾಯದ ಕೆಲಸ. ಕೇಳಬೇಕೆಂದರೆ ತಪ್ಪು ಹೇಳಬೇಕು, ಹೇಳಿದರೆ ಸಿಟ್ಟು ಬರುತ್ತದೆ. ಕ್ಷಮೆ ಕೊಡುವುದಾದರೆ ಹಾಗಲ್ಲ. ಕ್ಷಮೆ ಸಿಕ್ಕಿತೆಂದು ಜಗತ್ತಿನಲ್ಲಿ ಯಾರಾದರೂ ಸಿಟ್ಟಾಗುತ್ತಾರೆಯೆ? ಈ ಜ್ಞಾನೋದಯದಿಂದ ಅವನ ಹೆಜ್ಜೆ ಹಗುರಾಯಿತು. ಹೊತ್ತು ಎರಡೂವರೆ ದಾಟಿತ್ತು. ಇನ್ನೊಂದೇ ಮನೆ, ಇನ್ನೊಂದೇ ಕ್ಷಮೆ, ಓಡಿಹೋದರಾಯಿತು ಅಂದುಕೊಂಡ.

ಮಕ್ತುಮಸಾಬ ಲೂಕಪ್ಪನ ನೆರೆಮನೆಯವನೇ. ಕಟ್ಟಿಗೆ ಅಡ್ಡೆಯ ಪಕ್ಕದ ಬೇವಿನ ಮರದ ಬುಡದಲ್ಲಿ ಅವನ ಕೆಲಸದ ಜಾಗ. ಮಳೆ ತುಸು ಹೊಳವಾಗಿದ್ದರಿಂದ ತಿದಿ ಒತ್ತಿ ಕೆಂಡ ಎಬ್ಬಿಸಿ, ಕಾದ ಕೊಡದೊಳಗೆ ತವರ ಸವರುತ್ತಿದ್ದ. ಅವನ ಹೆಂಡತಿ ಹುಸೇನಬಿ ಬುತ್ತಿ ತಂದು ಕೊಟ್ಟು ಪಕ್ಕದಲ್ಲಿ ಕೂತಿದ್ದಳು.

"ಮಕ್ತುಮಸಾಬರ, ನಾ ನಿಮ್ಮನ್ನ ಕ್ಷಮಾ ಮಾಡೀನಿ!" ಎಂದ ಲೂಕಪ್ಪ, ದೂರದಿಂದಲೇ.

"ಬಾಳ ಛಲೋ ಆತು. ಬರ್ರಿ, ಕುಂಡರ್ರಿ," ಎಂದು ಮಕ್ತುಮಸಾಬ ಕೊಡ ಹೊರಳಿಸಿದ. ಒಂದು ಗಳಿಗೆಯ ಮೇಲೆ ಕತ್ತೆತ್ತಿ ಕೇಳಿದ: "ಯಾತಕ್ಕ?"

"ಅದನ್ನ ಕೇಳಬ್ಯಾಡ್ರಿ. ಕ್ಷಮಾ ಮಾಡಿ ಆಗಿಹೋಗೇತಿ."

"ಅಲ್ರೀ ಲೂಕಪ್ಪಣ್ಣ, ನಾ ಏನ ಮಾಡೇನಿ ಅನ್ನೂದು ನನಗರ ತಿಳೀಬೇಕಲ್ರಿ."

ಲೂಕಪ್ಪ ಉದಾರವಾಗಿ ನಕ್ಕ. "ಹ್ವಾದ ವರ್ಷ ನಿಮ್ಮ ಕಡೆ ಕಲಾಯಿಗೆ ಭಾಂಡೆ ಕೊಟ್ಟಿದ್ದಿವಿ. ಅದರಾಗೊಂದ ಸಾರ ಬಡಸೂ ಹಿತ್ತಾಳಿ ಸವಟ ಇತ್ತು."

"ಇತ್ತು."

"ಆಮ್ಯಾಲ ನನ್ನ ಕಣ್ಣಿಗೆ ಬೀಳಲಿಲ್ಲ."

ತಿದಿ ನಿಂತಿತು.

"ಈಗ ನನ್ನ ಮನಸಿನ್ಯಾಗ ಏನೂ ಇಲ್ರಿ," ಎಂದು ಲೂಕಪ್ಪ ಕೈ ಚಾಚಿ ಆಶೀರ್ವಾದದ ಧಾಟಿಯಲ್ಲಿ ಹೇಳಿದ. "ಸವಟ ನಿಮ್ಮಲ್ಲೇ ಇರಲಿ. ಸಂತೋಷದಿಂದ ಬಳಸ್ರಿ!"

ಮಕ್ತುಮಸಾಬ ಕಾದ ಕೊಡವನ್ನು ಇಕ್ಕಳದಿಂದ ಹಿಡಿದು ಮೆಲ್ಲಗೆ ನೆಲದ ಮೇಲಿಟ್ಟ. ಎದ್ದು ಬಂದವಳು ಹುಸೇನಬಿ.

"ಏನಂದಿ ಲೂಕಪ್ಪಣ್ಣಾ? ಇನ್ನೊಮ್ಮೆ ಅನ್ನು. ನಾವು ಸವಟ ಕದ್ದವರೇನು?"

"ಕದ್ದೀರಿ ಅಂತ ನಾ ಎಲ್ಲೆ ಅಂದೆ ತಂಗೀ? ಕ್ಷಮಾ ಮಾಡೀನಿ ಅಂದೆ!"

"ಕದೀದವರಿಗೆ ಕ್ಷಮಾ ಯಾಕ ಬೇಕು? ನಿನ್ನ ಕೂಸು ಜ್ವರದಾಗ ಬೇಯೂ ಮುಂದ ನನ್ನ ತೊಡಿ ಮ್ಯಾಲ ಮಲಗಿತ್ತಲಾ, ಆವಾಗ ನಿನ್ನ ಸವಟ ನನ್ನ ಸೆರಗಿನ್ಯಾಗ ಇತ್ತೇನು? ಆವಾಗ ಯಾಕ ಹುಡುಕಲಿಲ್ಲ?"

ಲೂಕಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ನಾಳಿ ನಾ ನಿಮ್ಮ ಹೊಸ್ತಲ ತುಳಿಯೂದಿಲ್ಲ," ಎಂದಳು ಹುಸೇನಬಿ. "ಕಳ್ಳರನ್ನ ಮನ್ಯಾಗ ಬಿಟ್ಟು ನೀವು ಗಂಡ ಹೆಂಡತಿ ಚರ್ಚಿಗೆ ಹೆಂಗ ಹೋಗತೀರಿ? ಗಂಗಾಳನೂ ಹೋದೀತು!"

ಅದೇ ಹೊತ್ತಿಗೆ ಮೋಡದಡಿಯಿಂದ ದೇವಾಲಯದ ಗಂಟೆ ಕೇಳಿಸಿತು. ಮೂರು ಗಂಟೆ. ಲೂಕಪ್ಪನ ಕಾಲು ಮನೆಯ ಕಡೆ ಎಳೆದವು, ಮನಸ್ಸು ಇಲ್ಲಿ ಎಳೆಯಿತು. ಮುಂಜಾನೆ ಇಲ್ಲದ ಎರಡು ಜಗಳ ಮಧ್ಯಾಹ್ನಕ್ಕೆ ಕೈಯಲ್ಲಿದ್ದವು! ಈ ಸಮಾಧಾನಗಳಿಗೆ ಈಗ ಸಮಾಧಾನ ಮಾಡದೆ ಹೋದರೆ ನಾಳೆ ಪಾತ್ರೆ ಹಿಡಿಯುವ ಬಗೆ ಹೇಗೆ? ಅವನು ಮಕ್ತುಮಸಾಬನನ್ನು ಕಾಡಿದ, ಬೇಡಿದ. ಹುಸೇನಬಿ ಬುತ್ತಿಯ ಅರಿವೆ ಕೊಡವಿಕೊಂಡು ತಂಗಿಯ ಮನೆಗೆ ಹೊರಟಳು. ಇವನು ಅವಳ ಬೆನ್ನು ಹತ್ತಿ ಎರಡು ಓಣಿ ಹೋದ. ಕ್ಷಮೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂದ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಅವನು ಮನೆ ಮುಟ್ಟಿದಾಗ ದೇವಾಲಯದಿಂದ ಹೊರಟ ಮಂದಿ ಕೊಡೆ ಹಿಡಿದು ತಮ್ಮ ತಮ್ಮ ಮನೆಗೆ ತಿರುಗುತ್ತಿದ್ದರು.

ಸಲೋಮವ್ವ ಬಾಗಿಲ ಹತ್ತಿರ ನಿಂತಿದ್ದಳು. ಮದುವೆಯ ಬಿಳಿ ಸೀರೆ ಉಟ್ಟಿದ್ದಳು. ಎಣ್ಣೆ ಹಚ್ಚಿ ತಲೆ ಬಾಚಿ, ಕೀರ್ತನೆಯ ಪುಸ್ತಕವನ್ನು ಕೈಯರಿವೆಯಲ್ಲಿ ಸುತ್ತಿ ಹಿಡಿದಿದ್ದಳು. ಗಂಡನನ್ನು ನೋಡಿದಳು. ಅವನು "ಸಲೋಮಿ, ಏನಾತಂದ್ರ..." ಎಂದು ತೊಡಗಿದ. ಅವಳು ಒಳಗೆ ಹೋದಳು. ಬೈದಿದ್ದರೆ ಅವನಿಗೆ ಹೇಗೋ ತಾಳಿಕೊಳ್ಳಲಾಗುತ್ತಿತ್ತು. ಅವಳು ಸೀರೆ ಬಿಚ್ಚಿ, ನಿರಿಗೆಗೆ ನಿರಿಗೆ ಕೂಡಿಸಿ ಮಡಿಚಿ, ಟ್ರಂಕಿನಲ್ಲಿಟ್ಟು ಮುಚ್ಚಿದ ಸದ್ದು ಪಡಸಾಲೆಗೆ ಕೇಳಿಸಿತು. ಆಮೇಲೆ ಒಲೆಯ ಊದುಕೊಳವೆಯ ಸದ್ದು. ಲೂಕಪ್ಪ ಕೋಟು ಬಿಚ್ಚದೆ ಗೋಡೆಗೊರಗಿ ಕೂತ. ಹೊರಗೆ ಮತ್ತೆ ಜಿಟಿಜಿಟಿ ಹಿಡಿಯಿತು.

ಸಂಜೆಗೆ ಬಾಗಿಲಲ್ಲಿ ಕೊಡೆ ಮಡಿಚುವ ಸದ್ದಾಯಿತು. ಬಂದವರು ಪಾದ್ರಿಯವರು. ಅವರ ಹಿಂದೆ ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡ ಮೈಲಾರಪ್ಪ. ನೆಗಡಿ ಹೋಗಿ ಎಂಟು ತಿಂಗಳಾಗಿದ್ದರೂ ಈ ಹೊತ್ತು ಪುರಾವೆಗೆ ಬೇಕಲ್ಲ!

"ಲೂಕಪ್ಪ," ಎಂದು ಪಾದ್ರಿಯವರು ಚಾಪೆಯ ಮೇಲೆ ಕೂತು ಉಸಿರು ಬಿಟ್ಟರು. "ತಲಿ ಬೆಳ್ಳಗಾಗೂತನಕಾ ನಾ ಪಾದ್ರಿಕಿ ಮಾಡೀನಿ. ಜಗಳಾಡಿದವರಿಗೆ ಕ್ಷಮಾ ಮಾಡಸೀನಿ. ಕ್ಷಮಾ ಮಾಡಿ ಜಗಳ ಹಚ್ಚಿದವನನ್ನ ನೋಡಿದ್ದು ಇವತ್ತ."

"ಅಯ್ಯಾವ್ರ, ನನ್ನ ಮನಸ ಸ್ವಚ್ಛ ಇತ್ರಿ."

"ನಿನ್ನ ಮನಸ ಸ್ವಚ್ಛ ಮಾಡಿ ರಾಡಿಯೆಲ್ಲಾ ನನ್ನ ಮನಿ ಮುಂದ ಚೆಲ್ಲಿದಿ!" ಎಂದ ಮೈಲಾರಪ್ಪ.

ಠಣ್! ಠಣ್!

ಒಳಗೆ ಅಡಿಗೆಮನೆಯಲ್ಲಿ ಸಲೋಮವ್ವ ಚಹಾಕ್ಕೆ ನೀರಿಟ್ಟಿದ್ದಳು. ಲೂಕಪ್ಪ ದಿಗ್ಗನೆ ಎದ್ದ. ಪಾದ್ರಿಯವರ ಕಣ್ಣೆದುರು ತಾಯಿಯ ಸೇವೆ ಮಾಡುವ ಇಂಥ ಸಂದರ್ಭ ಮತ್ತೆ ಬರುವುದೆ? "ನೀ ಇರು ಸಲೋಮಿ, ನಾ ಹೋಗತೇನಿ! ದಿನಾ ನಾನ..." ಎಂದು ಅರ್ಧ ಸುಳ್ಳನ್ನು ಪಡಸಾಲೆಯಲ್ಲಿ ಬಿಟ್ಟು, ಉಳಿದರ್ಧವನ್ನು ನುಂಗಿ, ಒಳಕೋಣೆಯ ಹೊಸ್ತಿಲು ದಾಟಿದ.

ಉಡಚವ್ವ ಮಬ್ಬಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದಳು. "ಯಾರು... ಲೂಕ್ಯಾನ? ಒಳಗ ಬಂದೀ... ಯಾವ ಹಬ್ಬೋ ಇವತ್ತ?"

ಲೂಕಪ್ಪ ತಾಯಿಯ ಕೈಯನ್ನು ನೋಡುತ್ತಿದ್ದ. ಗಂಗಾಳ ಬಾರಿಸುವ ಆ ಕೈಯಲ್ಲಿ, ಹಿಡಿಕೆಗೆ ಅರಿವೆ ಸುತ್ತಿದ, ಹಿತ್ತಾಳೆಯ ಸವಟು!

ಒಂದು ವರ್ಷದಿಂದ ದಿನಕ್ಕೆ ಎಷ್ಟು ಸಲ ಅದರ ಸದ್ದು ಕೇಳಿದ್ದನೋ! ಬಾಗಿಲಲ್ಲಿ ನಿಂತವನಿಗೆ ಹಾಸಿಗೆಯ ಮೇಲೆ ಒಬ್ಬ ತಾಯಿ ಇದ್ದಾಳೆಂದು ಕಂಡಿತ್ತೇ ಹೊರತು, ಅವಳ ಕೈಯಲ್ಲಿ ಏನಿದೆ ಎಂದು ಕಂಡಿರಲಿಲ್ಲ.

ಆಗ ಅವನು ಮಾಡಿದ ಕೆಲಸವನ್ನು ಯಾವ ಸಭೆಯ ಹಿರಿಯನೂ ಮಾಡಿರಲಿಕ್ಕಿಲ್ಲ. ತಾಯಿಯ ಕೈಯಿಂದ ಸವಟು ಕಸಿದು ಕೋಟಿನೊಳಗೆ ಬಗಲಲ್ಲಿ ಅಡಗಿಸಿಕೊಂಡ. ಅವಳ ಮಗ್ಗಲನ್ನೂ ಹೊರಳಿಸದೆ ಪಡಸಾಲೆಗೆ ಬಂದು, ಏನೂ ಆಗದವನಂತೆ ಗೋಡೆಗೆ ಅಂಟಿಕೊಂಡು ನಿಂತ. ಒಳಗೆ ಉಡಚವ್ವ ಬರಿಗೈಯಿಂದ ಗಂಗಾಳ ಬಡಿಯುತ್ತ ಕೂಗತೊಡಗಿದಳು: "ಕಸಗೊಂಡ... ಕಸಗೊಂಡ ಹ್ವಾದಾ... ನನ್ನ ಸವಟಾ..."

ಅದೇ ಗಳಿಗೆಗೆ ಹುಸೇನಬಿ ಬಾಗಿಲಿಗೆ ಬಂದಿದ್ದಳು. ಒಳಗೆ ಬರಲಿಲ್ಲ. "ಸಲೋಮಕ್ಕಾ, ನಾಳಿ ನಾ ಬರೂದಿಲ್ಲ. ನನ್ನ ಹಾದಿ ಕಾಯಬ್ಯಾಡ. ಅಷ್ಟ ಹೇಳಾಕ ಬಂದೆ," ಎಂದವಳ ಕಣ್ಣು ಲೂಕಪ್ಪನ ಕೋಟಿನ ಮೇಲೆ ನಿಂತಿತು. ಬಗಲಿನಿಂದ ಸವಟಿನ ದುಂಡನೆಯ ಬಾಯಿ ಹೊರಗೆ ಇಣುಕಿ ದೀಪದ ಬೆಳಕಿಗೆ ಹೊಳೆಯುತ್ತಿತ್ತು.

"ಅದೇನು ಲೂಕಪ್ಪಣ್ಣಾ?"

"ಏನಿಲ್ಲ. ಎದಿನೋವು."

"ಎದಿನೋವಿಗೆ ಕಲಾಯಿ ಯಾರ ಹಾಕ್ಯಾರ?"

ಪಾದ್ರಿಯವರು ಎದ್ದು ಬಂದು ಸವಟನ್ನು ಹೊರಗೆಳೆದರು. ಹುಸೇನಬಿ ಹೊಸ್ತಿಲ ಆಚೆ ನಿಂತೇ ಹೇಳಿದಳು: "ಆ ಹಿಡಿಕಿಗೆ ಅರಿವಿ ಸುತ್ತಿದಾಕಿ ನಾನರಿ ಅಯ್ಯಾವ್ರ. ಅವ್ವನ ಕೈಯಾಗ ಜಾರತೈತಿ ಅಂತ. ಈ ಮನಿ ಮಗಗ ಅದು ಕಳವಾದ ಮಾಲು."

ಲೂಕಪ್ಪ ಗೋಡೆಗೆ ಬೆನ್ನು ಹಚ್ಚಿ ಕೂತ.

"ನಾಳೆ ನೀನು ಮೇಜಿಗೆ ಬರಬ್ಯಾಡ," ಎಂದರು ಪಾದ್ರಿಯವರು. ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮೊದಲ ಈ ಇಬ್ಬರ ಮನಿಗೋಳಿಗೆ ಹೋಗಿ ಸುಮ್ಮನ ಕುಂಡರು. ಏನೂ ಹೇಳಬ್ಯಾಡ. ಮುಂದಿನ ಸಲ ನೋಡೂಣು."

"ಹಂಗಾರ ಪಾತ್ರಿ..." ಎಂದ ಲೂಕಪ್ಪ.

"ನಾ ಹಿಡೀತೇನ್ರಿ!" ಎಂದು ಮೈಲಾರಪ್ಪ ಕುತ್ತಿಗೆಯ ಪಟ್ಟಿ ಬಿಚ್ಚಿದ. ಅವನ ನೆಗಡಿ ಅಲ್ಲಿಗೆ ಪೂರ್ತಿ ವಾಸಿಯಾಯಿತು.

"ಹುಸೇನಬಿ," ಎಂದರು ಪಾದ್ರಿಯವರು, "ನಾಳೆ ಮುದಿಕಿ ಹತ್ರ..."

"ಬರತಿದ್ದೆರಿ. ಈಗ ಬರೂದಿಲ್ಲ," ಎಂದಳು ಅವಳು. "ಈ ಮಗಾ ಕುಂಡರಲಿ. ಸವಟ ಯಾವುದು, ಅವ್ವ ಯಾವಾಕಿ, ಒಂದ ದಿನಾರ ಗುರ್ತ ಹಿಡೀಲಿ." ಅಷ್ಟು ಹೇಳಿ ಒಳಕೋಣೆಯ ಕಡೆ ಕಿವಿಗೊಟ್ಟಳು. ಮುದುಕಿ ಇನ್ನೂ ಕೂಗುತ್ತಿದ್ದಳು. ಹುಸೇನಬಿ ಬೈದುಕೊಳ್ಳುತ್ತಲೇ ಹೊಸ್ತಿಲು ದಾಟಿ, ಪಾದ್ರಿಯವರ ಕೈಯಿಂದ ಸವಟು ತೆಗೆದುಕೊಂಡು ಒಳಗೆ ಹೋಗಿ ಮುದುಕಿಯ ಮಗ್ಗಲು ಹೊರಳಿಸಿ ಬಂದಳು. ಲೂಕಪ್ಪನ ಕಡೆ ನೋಡದೆ ಮನೆಗೆ ಹೋದಳು.

ಸಲೋಮವ್ವ ಚಹಾ ತಂದಿಟ್ಟಳು. ಪಾದ್ರಿಯವರು ಬಟ್ಟಲನ್ನು ಮುಟ್ಟದೆ ಅವಳನ್ನು ನೋಡಿದರು.

"ಸಲೋಮೀ, ಇವತ್ತ ನೀ ಬರಲಿಲ್ಲ. ಯಾಕಂತ ಈಗ ತಿಳೀತು. ಇಲ್ಲೇ ಹೆಸರ ಕೊಡು, ನಡೀತೈತಿ. ಕೇಳೂ ಮಾತ ಕೇಳತೇನಿ. ಯಾರ ಮ್ಯಾಲರ ಮನಸಿನ್ಯಾಗ ಏನರ ಐತೇನು?"

ಎಲ್ಲರೂ "ಇಲ್ರಿ" ಎಂದೇ ಹೇಳುವ ಪ್ರಶ್ನೆ ಅದು. ಲೂಕಪ್ಪ ಯಾವಾಗಲೂ ಪ್ರಶ್ನೆ ಮುಗಿಯುವ ಮೊದಲೇ ಹೇಳುತ್ತಿದ್ದ. ಸಲೋಮವ್ವ ತೊಲೆಯ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು.

"ಐತ್ರಿ," ಎಂದಳು.

"ಯಾರ ಮ್ಯಾಲ?"

ಅವಳು ಹೇಳುವ ಅಗತ್ಯವಿರಲಿಲ್ಲ. ಅಲ್ಲಿ ಕೂತವರೆಲ್ಲ ಲೂಕಪ್ಪನನ್ನು ನೋಡಿದರು. ಲೂಕಪ್ಪನೂ, ಬೇರೆ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಹಿಂದೆ ನೋಡಿದ. ಹಿಂದೆ ಗೋಡೆಯಿತ್ತು.

"ಸುಳ್ಳ ಹೇಳಿ ಆ ಮೇಜಿಗೆ ಕುಂಡರಾಕ ನನಗ ಆಗೂದಿಲ್ರಿ," ಎಂದಳು ಸಲೋಮವ್ವ. "ಅಲ್ಲೆ ಯಾರು ಕುಂತಿರತಾರ ಅಂತ ನೀವ ಹೇಳಿದ್ದಿರಿ. ಆ ಕೂಸಿನ ಮುಂದ ಸುಳ್ಳ ಹೆಂಗ ಹೇಳ್ಲಿ?"

ಪಾದ್ರಿಯವರು ಮೆಲ್ಲಗೆ ಎದ್ದರು. "ನಾಳಿ ಮುಂಜಾನಿ ಗಂಟಿ ಬಾರಸೂತನಕಾ ವ್ಯಾಳ್ಯಾ ಐತಿ, ತಂಗೀ," ಎಂದು ಕೊಡೆ ತೆಗೆದುಕೊಂಡರು. ಬಾಗಿಲಲ್ಲಿ ನಿಂತು ಲೂಕಪ್ಪನಿಗೆ ಹೇಳಿದರು: "ನಿನಗೂ ಐತಿ."

ರವಿವಾರ ಬೆಳಗಾಗುವ ಮೊದಲೇ ಲೂಕಪ್ಪ ಒಳಕೋಣೆಯಲ್ಲಿದ್ದ. ಹುಬ್ಬಳ್ಳಿಯ ಪಾಪಗಳು ಅಂದು ದೇವರ ಮುಂದೆ ಹೋಗಲಿಲ್ಲ. ಒಂದು ಠಣ್ಣಿಗೆ ಮಗ್ಗಲು ಹೊರಳಿಸಿದ, ಎರಡು ಠಣ್ಣಿಗೆ ನೀರು ಕುಡಿಸಿದ. ಮುದುಕಿ ಸವಟಿನಿಂದ ಅವನ ಮೊಣಕೈಗೆ ಒಂದು ಕೊಟ್ಟ ಮೇಲೆ ಲೆಕ್ಕ ಸರಿಹೋಯಿತು. ಗಂಜಿ ಕುಡಿಸಹೋದರೆ ಗದ್ದ, ಕುತ್ತಿಗೆ, ದಿಂಬು ಎಲ್ಲ ಕುಡಿದವು. ಗೋಡೆಯ ಮಾಡದಲ್ಲಿದ್ದ ಸೀಸೆ ತೆಗೆದು ಬಿದ್ದ ಕೈಗೆ ಭಕ್ತಿಯಿಂದ ಎಣ್ಣೆ ತಿಕ್ಕಿದ. ಅರ್ಧ ತೋಳಾದ ಮೇಲೆ ಉಡಚವ್ವ ಮೂಗು ಏರಿಸಿ, "ಲೂಕ್ಯಾ... ಇದು... ನಿನ್ನ ಮಷೀನಿನ ಎಣ್ಣಿ," ಎಂದಳು.

ಅವನು ಅರಿವೆ ಒದ್ದೆ ಮಾಡಿ ಒರೆಸುತ್ತ ಕೂತ. ತಾಯಿಯ ತೋಳು ಇಷ್ಟು ಸಣ್ಣಗಾಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಬೆನ್ನಿನ ಮೇಲೆ ಒಂದೇ ಒಂದು ಹುಣ್ಣಿರಲಿಲ್ಲ. ವರ್ಷವಿಡೀ ಮಲಗಿದವಳ ಬೆನ್ನು ಹೀಗಿರಬೇಕಾದರೆ ದಿನಕ್ಕೆ ಎಷ್ಟು ಸಲ ಒಬ್ಬರು ಏಳಬೇಕು, ಎಷ್ಟು ಪ್ರಾರ್ಥನೆ ಅರ್ಧಕ್ಕೆ ಬಿಡಬೇಕು ಎಂದು ಅವನು ಲೆಕ್ಕ ಹಾಕಲಿಲ್ಲ. ಧೈರ್ಯವಾಗಲಿಲ್ಲ.

ಗಂಟೆ ಬಾರಿಸತೊಡಗಿತು.

ಅವನು ಗಂಜಿ ಮೆತ್ತಿದ ಕೈಯಲ್ಲೇ ಪಡಸಾಲೆಗೆ ಓಡಿಬಂದ. ಸಲೋಮವ್ವ ಬಿಳಿ ಸೀರೆ ಉಟ್ಟಿದ್ದಳು. ಹೊಸ್ತಿಲಲ್ಲಿ ನಿಂತಿದ್ದಳು. ಒಳಗೂ ಇರಲಿಲ್ಲ, ಹೊರಗೂ ಇರಲಿಲ್ಲ.

"ಸಲೋಮೀ, ನಿಲ್ಲು! ನಿನ್ನ ಕ್ಷಮಾ ಕೇಳೂದೈತಿ. ಕೇಳದ ಕಳಿಸಿದ್ರ ನೀ ಅಲ್ಲಿ ಕುಂತು ರೊಟ್ಟಿ ಮುಟ್ಟದ ಎದ್ದ ಬರತೀ, ನನಗ ಗೊತ್ತೈತಿ."

"ಕೇಳ್ರಿ," ಎಂದಳು.

ರಾತ್ರಿ ಹಾಸಿಗೆಯ ಮೇಲೆ ಹೊರಳಾಡುತ್ತ ಅವನು ಇದನ್ನು ಪಾದ್ರಿಯವರ ಪ್ರಸಂಗದಂತೆ ಭಾಗ ಭಾಗವಾಗಿ ಜೋಡಿಸಿಟ್ಟಿದ್ದ. ಗಂಟಲು ಸರಿಮಾಡಿಕೊಂಡ.

"ಮೊದಲನೇದಾಗಿ, ನಿನ್ನೆ ನಾ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಎರಡನೇದಾಗಿ, ಸವಟ. ಮೂರನೇದಾಗಿ..."

"ಮೂರನೇದಾಗಿ?"

ಲೂಕಪ್ಪ ಬೆರಳು ಮಡಿಚಿಕೊಂಡೇ ನಿಂತ. "ಮೂರನೇದು... ಸಿಗವಲ್ತು. ಎರಡ ಇರಬೇಕು."

ಸಲೋಮವ್ವ ಅವನನ್ನು ನೋಡಿದಳು. ಕೂದಲಿನಲ್ಲಿ ಗಂಜಿ, ಅಂಗಿಯ ಮೇಲೆ ಮಷೀನಿನ ಎಣ್ಣೆ, ಎರಡೇ ಪಾಪಗಳ ಒಬ್ಬ ಗಂಡ. ಎಷ್ಟೋ ತಿಂಗಳಿನಿಂದ ಮರೆತಿದ್ದ ಯಾವುದೋ ಒಂದು ಅವಳ ತುಟಿಯ ಅಂಚಿನಲ್ಲಿ ಅಲುಗಿತು. ನಗೆಯೋ ಅಳುವೋ, ಅವನಿಗೆ ತಿಳಿಯಲಿಲ್ಲ.

"ಎರಡ ಏನು?" ಎಂದಳು.

"ಯಾಕ, ಹೆಚ್ಚಿಗಿ ಅದಾವೇನು?"

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಇವತ್ತ ಮೇಜಿಗೆ ಕುಂಡರಾಕ ಎಷ್ಟ ಬೇಕೋ ಅಷ್ಟ ಕ್ಷಮಾ ಮಾಡೀನ್ರಿ. ಉಳಿದದ್ದು ಬಂದಮ್ಯಾಲ."

"ಉಳಿದದ್ದು? ಉಳಿದದ್ದಂದ್ರ ಏನೇನು? ಸಲೋಮೀ, ಒಂದೆರಡರ ಹೇಳಿ ಹೋಗು, ನೀ ಬರೂದರಾಗ ನಾ ನೆನಸಿಕೊಂಡ ಇರತೇನಿ. ಬಾಳ ಅದಾವೇನು? ಒಂದ ಅಂದಾಜರ..."

ಸಲೋಮವ್ವ ಆಗಲೇ ಅಂಗಳ ದಾಟಿದ್ದಳು. ಕೆಸರಿಗೆ ಸೀರೆಯ ಅಂಚನ್ನು ತುಸು ಎತ್ತಿ ಹಿಡಿದು, ಹಿಂದಿರುಗಿ ನೋಡದೆ, ಓಣಿಯ ತಿರುವಿನ ಕಡೆ ಸರಸರನೆ ನಡೆದುಹೋಗುತ್ತಿದ್ದಳು.